ಡಬ್ಬಿ ಹಳ್ಳಕ್ಕೆ ಹಾಕಿದ್ದೇನೆ

ತಳಕಲ್
ತಾ. 6–11–1938

ಅವ್ವನಿಗೆ ಹುಲಿಗವ್ವನ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲಿಕ್ಕೆ ಕೈ ಏಳುತ್ತಿಲ್ಲ.

ನಿನ್ನನ್ನು ಗದಗಿನ ದವಾಖಾನೆಯಲ್ಲಿ ಬಿಟ್ಟು ನಿನ್ನ ಅಳಿಯ ತಿರುಗಿ ಬಂದಾಗಿನಿಂದ ಈ ಮನೆಯಲ್ಲಿ ಯಾರೂ ನಿನ್ನ ಹೆಸರು ಎತ್ತಿಲ್ಲ. ಕೇಳಿದವರಿಗೆಲ್ಲ ನಾನು, ಅವ್ವನ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ನಿಗೆ ಹೋಗಿದ್ದಾಳೆ ಎಂದು ಹೇಳುತ್ತಿದ್ದೇನೆ. ನೀನೂ ಹಾಗೆಯೇ ಹೇಳು. ಕಾರ್ಡು ಬರೆಸಬೇಡ, ಲಕೋಟೆಯಲ್ಲಿ ಹಾಕಿಸು. ಟಪಾಲಿನ ದುರಗಪ್ಪ ಕಾರ್ಡನ್ನು ಮನೆಗೆ ಮುಟ್ಟಿಸುವ ಮೊದಲು ಓಣಿಗೆಲ್ಲ ಓದಿ ಮುಗಿಸಿರುತ್ತಾನೆ.

ಕುಬಸದ ದಿನ ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಚೊಚ್ಚಲ ಬಸುರಿ ಎಂದು ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಮಣೆಯ ಮೇಲೆ ಕೂಡಿಸಿದ್ದರು. ತವರಿನವಳು ನೀನು ಆರತಿ ಎತ್ತಬೇಕು. ಎತ್ತಿದವಳು ನಿಂತಲ್ಲೇ ಕಣ್ಣು ಮುಚ್ಚಿದೆ. ತಟ್ಟೆ ವಾಲಿ ದೀಪ ನನ್ನ ಸೆರಗಿನ ಮೇಲೆ ಬಿತ್ತು. ಹೆಂಗಸರೆಲ್ಲ ಒದರಿದರು, ನಿನಗೆ ಮಾತ್ರ ಎಚ್ಚರವಿಲ್ಲ. ಅತ್ತೆ ನಿನ್ನ ರಟ್ಟೆ ಹಿಡಿದು ಅಲುಗಾಡಿಸಿದಾಗ ಎಲೆ ಅಡಿಕೆಯ ಸಂಚಿಯಿಂದ ಆ ತಗಡಿನ ಡಬ್ಬಿ ಉರುಳಿತು. ಮುಚ್ಚಳ ತೆಗೆದದ್ದೇ ತಡ, ಅದು ಅಫೀಮು ಎಂದು ಯಾರಿಗೂ ಹೇಳಬೇಕಾಗಲಿಲ್ಲ.

ಅತ್ತೆ ಎಲ್ಲರ ಮುಂದೆ ಅಂದದ್ದನ್ನು ನೀನು ಕೇಳಿಸಿಕೊಂಡೆಯೋ ಇಲ್ಲವೋ. "ಇಂಥಾಕಿ ಕೈಯಾಗ ನನ್ನ ಮೊಮ್ಮಗ ಹುಟ್ಟಬೇಕೇನು? ದವಾಖಾನ್ಯಾಗ ಬಿಡಿಸಿಕೊಂಡು ಬಂದ್ರ ಬಾಣಂತನ ತವರಾಗ, ಗಿಣಿಗೇರಾದಾಗ ಆಗಲಿ. ಇಲ್ಲಂದ್ರ ಹಡಿಯೂದೂ ಇಲ್ಲೇ, ಬಾಣಂತನಾನೂ ಇಲ್ಲೇ. ಈಕಿ ನಮ್ಮ ಹೊಸ್ತಲಾ ತುಳಿಯೂದು ಬ್ಯಾಡ, ಕೂಸಿನ ಮಾರಿ ನೋಡೂದೂ ಬ್ಯಾಡ."

ಇದೇ ಕರಾರು. ಆದ್ದರಿಂದ ಅಲ್ಲಿ ಹೇಳಿದ ಹಾಗೆ ಕೇಳು. ಅತ್ತೆ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, "ಹಳ್ಳಕ್ಕ ಒಗದು ಬಾ" ಅಂದಿದ್ದಳು. ಹಾಕಿ ಬಂದಿದ್ದೇನೆ. ಅದರ ಆಸೆ ಬಿಡು.

ಅಪ್ಪ ಕೊಪ್ಪಳದ ಸಾಲೆಯಲ್ಲಿ ಜವಾನನಾಗಿ ಗಂಟೆ ಬಾರಿಸುತ್ತ ನನ್ನನ್ನು ನಾಲ್ಕು ಇಯತ್ತೆ ಓದಿಸಿದ. ಅವನು ಕಲಿಸಿದ ಅಕ್ಷರದಲ್ಲಿ ಇಂಥ ಕಾಗದ ಬರೆಯಬೇಕಾಯಿತು.

ಹುಲಿಗವ್ವ

*

ಗದಗ, ದವಾಖಾನೆ
ತಾ. 14–11–1938

ನನ್ನ ಮಗಳು ಹುಲಿಗವ್ವಗೆ ಫಕೀರಮ್ಮನ ಆಶೀರ್ವಾದ.

ಇದನ್ನು ಬರೆಯುವವರು ಇಲ್ಲಿಯ ನರ್ಸ್ ಮುಮ್ತಾಜಬೇಗಂ. ನಾನು ಆಡಿದ್ದನ್ನು ಆಡಿದ ಹಾಗೇ ಬರೆಯಿರಿ ಎಂದರೆ, "ನಿನ್ನ ಬಾಯಿಗೆ ಕಾಗದ ಸಾಲೂದಿಲ್ಲಬೇ, ನಾ ತಿದ್ದಿ ಬರೀತೀನಿ" ಅನ್ನುತ್ತಾರೆ. ಪರರ ಮುಂದೆ ಹೇಳಿ ಬರೆಸಬೇಕಲ್ಲ ಎಂದು ಎರಡು ಕಾಗದ ಹರಿಸಿದೆ. ಇದರಲ್ಲಿ ನಾಚಿಕೆ ಬಿಟ್ಟು ಕೂತಿದ್ದೇನೆ.

ಬಂದ ದಿನವೇ ಡಾಕ್ಟರಮ್ಮ, ದಿನಕ್ಕೆ ಎಷ್ಟು ತಿನ್ನುತ್ತಿ ಎಂದು ಕೇಳಿದರು. ಅರ್ಧದಷ್ಟು ಹೇಳಿದೆ. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಖರೇ ಹೇಳಬೇ. ಸುಳ್ಳು ಹೇಳಿದ್ರ ತ್ರಾಸ ನನಗಲ್ಲ, ನಿನಗ" ಅಂದರು. ಆಗ ಪೂರ್ತಿ ಹೇಳಿದೆ. ಪಕ್ಕದ ಮಂಚದವರೂ ಕೇಳಿಸಿಕೊಂಡರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇಲ್ಲಿ ಒಮ್ಮೆಲೇ ಬಿಡಿಸುವುದಿಲ್ಲ. ಅಫೀಮಿನದೇ ಔಷಧವನ್ನು ಹನಿ ಹನಿಯಾಗಿ ನೀರಿಗೆ ಬಿಟ್ಟು ಕುಡಿಸುತ್ತಾರೆ, ದಿನಾ ಒಂದಿಷ್ಟು ಕಮ್ಮಿ ಮಾಡುತ್ತ ಬರುತ್ತಾರೆ. ಕಮ್ಮಿ ಮಾಡಿದ್ದು ನನಗೆ ಹೇಳುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಮೊದಲು ಆಕಳಿಕೆ. ದವಡೆ ಕಳಚಿ ಬೀಳುವಷ್ಟು ಆಕಳಿಕೆ. ಆಮೇಲೆ ನೆಗಡಿ ಬಂದವರ ಹಾಗೆ ಮೂಗು ಕಣ್ಣು ಸೋರುತ್ತವೆ. ಪುಚ್ಚ ಕಿತ್ತ ಕೋಳಿಯ ಹಾಗೆ ಮೈಯೆಲ್ಲ ಮುಳ್ಳು ಏಳುತ್ತದೆ. ಮೀನಖಂಡವನ್ನು ಯಾರೋ ಹಿಂಡಿದಂತೆ ಕಾಲು ಸೆಳೆಯುತ್ತವೆ. ಹೊಟ್ಟೆ ನಿಲ್ಲುವುದಿಲ್ಲ, ಅದನ್ನು ಹೆಚ್ಚು ಬರೆಸಲಾರೆ. ನರ್ಸಮ್ಮ ಬಿಸಿನೀರು ಹಾಕಿ, ಗಂಜಿ ಕುಡಿಸಿ, ಕಾಲು ಒತ್ತುತ್ತಾರೆ. "ಸಾಯೂದಿಲ್ಲಬೇ, ಸತ್ತಂಗ ಆಗ್ತೈತಿ ಅಷ್ಟ" ಅನ್ನುತ್ತಾರೆ.

ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಮೊಣಕಾಲು ಹಿಡಿದಾಗ ಕಾಳಿನಷ್ಟು ನುಂಗಿದವಳು ನಾನು. ನನ್ನ ಅವ್ವನೂ ನುಂಗುತ್ತಿದ್ದಳು. ಕೂಸಿಗೂ ಸಾಸಿವೆಯಷ್ಟು ಮೊಲೆಹಾಲಿನಲ್ಲಿ ತೇಯ್ದು ನೆಕ್ಕಿಸಿ, ಬದುವಿನ ಮೇಲೆ ಮಲಗಿಸಿ, ಹೊಲಕ್ಕೆ ಇಳಿಯುವುದು ನಮ್ಮಲ್ಲಿ ಹೊಸದಲ್ಲ. ನಿನಗೂ ನೆಕ್ಕಿಸಿದ್ದೆ. ನಿನ್ನ ಅತ್ತೆಯೂ ಅಳಿಯ ಮಾರೆಪ್ಪಗೆ ನೆಕ್ಕಿಸಿಯೇ ಬೆಳೆಸಿರಬೇಕು. ಕೂಸಿಗೆ ಕೊಟ್ಟರೆ ಯಾರಿಗೂ ನಾಚಿಕೆಯಿಲ್ಲ, ಮುದುಕಿ ತಿಂದಾಗ ನಾಚಿಕೆ.

ಒಂದು ಮಾತು. ಡಬ್ಬಿಯನ್ನು ನಿಜವಾಗಿ ಹಳ್ಳಕ್ಕೆ ಹಾಕಿದೆಯಾ? ಅದರಲ್ಲಿ ಭಾಳ ದಿನಕ್ಕೆ ಆಗುವಷ್ಟಿತ್ತು. ಹಾಕಿರದಿದ್ದರೆ ಎಳ್ಳಿನಷ್ಟು ಕಾಗದದಲ್ಲಿ ಸುತ್ತಿ ಕಳಿಸು, ನಿನ್ನ ಕಾಲು ಹಿಡಿಯುತ್ತೇನೆ. ಇದನ್ನು ಬರೆಯಲಾರೆ ಎಂದರು ನರ್ಸಮ್ಮ. ಬರೆಯದಿದ್ದರೆ ಗಂಜಿ ಮುಟ್ಟುವುದಿಲ್ಲ ಎಂದು ಹಟ ಹಿಡಿದು ಬರೆಸಿದ್ದೇನೆ. ಲಕೋಟೆ ಬಂದರೆ ಮೊದಲು ತಾವೇ ಒಡೆಯುವುದಾಗಿ ಅವರೂ ಹೇಳಿದ್ದಾರೆ, ಅದನ್ನೂ ಬರೆದಿದ್ದಾರೆ.

ನಿನ್ನ ಅವ್ವ
ಫಕೀರಮ್ಮ

*

ತಳಕಲ್
ತಾ. 22–11–1938

ಅವ್ವಾ,

ಹಾಕಿದ್ದೇನೆ ಎಂದರೆ ಹಾಕಿದ್ದೇನೆ. ಇನ್ನೊಮ್ಮೆ ಕೇಳಬೇಡ.

ನಿನ್ನ ಕಾಗದವನ್ನು ಕೊಟ್ಟಿಗೆಯಲ್ಲಿ ನಿಂತು ಓದಿದೆ, ಓದಿ ಒಲೆಗೆ ಹಾಕಿದೆ. ಮಗಳ ಕಾಲು ಹಿಡಿಯುತ್ತೇನೆ ಎಂದು ಬರೆಸುತ್ತೀಯಲ್ಲ, ಅದೂ ಬೇರೆಯವರ ಕೈಯಿಂದ. ನಿನ್ನ ಅಳಿಯ ರೇಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುವವರು, ಲೈನಿನುದ್ದಕ್ಕೂ ಪರಿಚಯದ ಜನ. ಯಾರಾದರೂ ಕುಬಸದ ಮಾತು ತೆಗೆದಾರೆಂದು ಊಟದ ಹೊತ್ತಿನಲ್ಲಿ ಒಬ್ಬರೇ ದೂರ ಕೂರುತ್ತಾರಂತೆ. ಅದನ್ನು ನನಗೆ ಹೇಳಿದವಳು ಅತ್ತೆ.

ನನ್ನ ಚಿಂತೆ ನಿನಗೆ ಬೇಡ. ಮೊದಲು ಸೊಂಟ ಹಿಡಿದುಕೊಂಡು ನಿದ್ದೆಯೇ ಹತ್ತುತ್ತಿರಲಿಲ್ಲ. ಈಗ ಅದೆಲ್ಲ ಹೋಗಿದೆ. ಕೂತಲ್ಲಿ ಕಣ್ಣು ಎಳೆಯುತ್ತದೆ. ಮೂಗಿನ ತುದಿ ಮಾತ್ರ ತುರಿಸುತ್ತಿರುತ್ತದೆ. ಬಯಕೆ ಎಂದರೆ ಒಂದೇ, ಬೆಲ್ಲ. ಅತ್ತೆ ಹುಣಸೆಹಣ್ಣು ತಂದು ಮುಂದಿಟ್ಟರೆ ವಾಕರಿಕೆ ಬಂತು. "ಬಸುರಾಗಿ ಹುಳಿ ಬ್ಯಾಡ ಅನ್ನಾಕಿನ್ನ ಇವತ್ತು ನೋಡಿದ್ನಿ" ಎಂದು ನಕ್ಕಳು. ಓಣಿಯ ಹೆಂಗಸರಿಗೆಲ್ಲ ನನ್ನನ್ನು ತೋರಿಸಿ, "ಬಸುರಿ ಅಂದ್ರ ಹಿಂಗಿರಬೇಕು ನೋಡ್ರಿ, ನೋವಂತಿಲ್ಲ, ನರಳೂದಿಲ್ಲ" ಅನ್ನುತ್ತಾಳೆ. ಈ ಮನೆಯಲ್ಲಿ ನನಗೆ ಈಗ ಇರುವ ಮಾನ ಇಷ್ಟೇ.

ಬೇಗ ಗುಣವಾಗು.

ಹುಲಿಗವ್ವ

*

ಗದಗ, ದವಾಖಾನೆ
ತಾ. 4–12–1938

ಮಗಳು ಹುಲಿಗವ್ವಗೆ ಅವ್ವನ ಆಶೀರ್ವಾದ.

ಹೋದ ಕಾಗದದಲ್ಲಿ ಬೇಡಿದ್ದನ್ನು ಮರೆತುಬಿಡು. ಅದನ್ನು ಬೇಡಿದವಳು ನಾನೇ, ಬೇರೆ ಯಾರೂ ಅಲ್ಲ. ಆದರೆ ಈಗ ನೆನೆಸಿಕೊಂಡರೆ ಸೆರಗು ಮುಖಕ್ಕೆ ಬರುತ್ತದೆ.

ಅದಕ್ಕಿಂತ ಕೆಟ್ಟದ್ದೊಂದು ಮಾಡಿದೆ. ಪಕ್ಕದ ಮಂಚದಲ್ಲಿ ಕುಷ್ಟಗಿಯ ರಾಜಾಬೀ ಇದ್ದಾಳೆ, ಹೊಟ್ಟೆ ಕೊಯ್ಸಿಕೊಂಡವಳು. ನೋವಿಗೆ ಅವಳಿಗೂ ಹನಿ ಔಷಧ ಕೊಡುತ್ತಿದ್ದರು. ಅವಳು ಆಚೆ ತಿರುಗಿ ಮಲಗಿದಾಗ ಅವಳ ಗ್ಲಾಸಿನ ತಳಕ್ಕೆ ನಾಲಿಗೆ ಹಾಕಿ ನೆಕ್ಕಿದೆ. ತಲೆ ಎತ್ತಿದರೆ ಅವಳ ಗಂಡ ಉಮರಸಾಬರು ಬಾಗಿಲಲ್ಲಿ ನಿಂತಿದ್ದಾರೆ. ಗ್ಲಾಸು ತೆಗೆದುಕೊಂಡು ಹೋಗಿ ತೊಳೆದು ತಂದಿಟ್ಟರು. ಬೈದಿದ್ದರೆ ಚಲೋ ಇತ್ತು. ನಾನೇ ಡಾಕ್ಟರಮ್ಮನಿಗೆ ಹೇಳಿದೆ. "ಹೇಳಿದಿಯಲ್ಲ, ಇನ್ನ ಗುಣಾ ಆಗ್ತಿ" ಅಂದರು.

ಈಗ ಗುಣವಾಗಿದ್ದೇನೆ. ಹನಿ ಪೂರ್ತಿ ನಿಲ್ಲಿಸಿದ್ದಾರೆ. ಹಸಿವಾಗುತ್ತದೆ ಹುಲಿಗವ್ವ, ಹಸಿವು ಹೇಗಿರುತ್ತದೆಂಬುದೇ ಮರೆತಿತ್ತು. ರೊಟ್ಟಿ ತಿಂದು ನೆಲ ಸಾರಿಸುತ್ತೇನೆ, ಇನ್ನೂ ಸ್ವಲ್ಪ ದಿನ ಕಣ್ಣ ಮುಂದಿರು ಎಂದು ಇಟ್ಟುಕೊಂಡಿದ್ದಾರೆ. ಆರತಿ ತಟ್ಟೆ ಹಿಡಿದ ಕೈ ಎಂದು ದಿನಾ ನೋಡಿಕೊಳ್ಳುತ್ತೇನೆ. ನಡುಗುವುದಿಲ್ಲ.

ನನಗಾಗಿ ನೀನು ಕೊರಗಬೇಡ. ಬಿಡುವುದೇನು ದೊಡ್ಡ ಮಾತಲ್ಲ. ಹಲ್ಲು ಕಚ್ಚಿ ಒಂದು ವಾರ ಹಿಡಿದರೆ ಮುಗಿಯಿತು, ಇಷ್ಟಕ್ಕೆ ಯಾಕೆ ಹೆದರಿದ್ದೆನೋ.

ನಿನ್ನ ಬೆಲ್ಲದ ಬಯಕೆ ಕೇಳಿ ಸಂತೋಷವಾಯಿತು. ಗಿಣಿಗೇರಾಕ್ಕೆ ಹೋದ ಮೇಲೆ ಹೊಸ ಬೆಲ್ಲ ತರಿಸಿಡುತ್ತೇನೆ. ನಿನ್ನ ಅತ್ತೆಯ ಕರಾರು ನಡೆಸಿದ್ದೇನೆ ಎಂದು ಅವಳಿಗೆ ಹೇಳು. ಬಾಣಂತನದ ಕೋಣೆಗೆ ಸುಣ್ಣ ಹೊಡೆಸಬೇಕು.

ಫಕೀರಮ್ಮ

*

ತಳಕಲ್
ತಾ. 15–12–1938

ಅವ್ವಾ,

ಹೆಚ್ಚು ಬರೆಯಲಾರೆ. ಥಂಡಿ ಆಗಿದೆ. ಮೂಗು ಕಣ್ಣು ಒಂದೇ ಸಮ ಸೋರುತ್ತವೆ. ಆಕಳಿಸಿ ಆಕಳಿಸಿ ದವಡೆ ನೋಯುತ್ತಿದೆ. ಅತ್ತೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಕೂಸು ನಿನ್ನೆಯಿಂದ ಹೊಟ್ಟೆಯಲ್ಲಿ ಸುಮ್ಮನಿಲ್ಲ, ಕಾಲು ಝಾಡಿಸಿದ ಹಾಗೆ ಒಂದೇ ಸಮ ಹೊರಳುತ್ತದೆ.

ಕಾಲು ಸೆಳೆಯುವುದು ನಿನಗೆ ಎಷ್ಟು ದಿನ ಇತ್ತು? ಒಂದು ವಾರಕ್ಕೆ ಪೂರ್ತಿ ಹೋಯಿತೇ? ಸುಮ್ಮನೆ ಕೇಳಿದೆ.

ಹುಲಿಗವ್ವ

*

ಗದಗ, ದವಾಖಾನೆ
ತಾ. 17–12–1938

ಹುಲಿಗವ್ವ,

ಇದನ್ನು ಉಮರಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಇವತ್ತಿನ ಗಾಡಿಗೆ ಊರಿಗೆ ಹೊರಟಿದ್ದರು, ತಳಕಲ್ಲಿನಲ್ಲಿ ಇಳಿದು ಹೋಗುತ್ತೇನೆ ಎಂದಿದ್ದಾರೆ. ಕಾಗದ ನಿನ್ನ ಕೈಗೆ ಮಾತ್ರ ಕೊಡುತ್ತಾರೆ. ನಿನ್ನ ಅತ್ತೆಯ ಮುಂದೆ, ಫಕೀರಮ್ಮ ಸಾಯಲಿಕ್ಕೆ ಬಿದ್ದಿದ್ದಾಳೆ, ಮಗಳನ್ನು ನೋಡಬೇಕಂತೆ ಎಂದು ಹೇಳುತ್ತಾರೆ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯನ ಬಾಯಲ್ಲಿ ಸುಳ್ಳು ಇಟ್ಟಿದ್ದೇನೆ. ನಾನು ಸಾಯುತ್ತಿಲ್ಲ. ನೀನು ಮೊದಲ ಗಾಡಿಗೆ ಹೊರಡು.

ನೀನು ಡಬ್ಬಿಯನ್ನು ಹಳ್ಳಕ್ಕೆ ಹಾಕಿಲ್ಲ.

ನಿನ್ನ ಕಾಗದ ಓದುತ್ತ ನರ್ಸಮ್ಮ ಆಕಳಿಕೆಯ ಮಾತಿಗೆ ನಿಂತರು. ನಾನೂ ಎದ್ದು ಕೂತೆ. ನಿದ್ದೆ, ಮೂಗಿನ ತುರಿಕೆ, ಬೆಲ್ಲದ ಆಸೆ, ಎಲ್ಲ ನನ್ನವೇ ಅಲ್ಲವೇ. ಎಷ್ಟೋ ವರ್ಷ ಸಕ್ಕರೆ ಡಬ್ಬಿಗೆ ಕೈ ಹಾಕಿದವಳು ನಾನು. ಹೆತ್ತವಳಾಗಿ, ತಿಂದವಳಾಗಿ, ಓದಿಸಿ ಕೇಳಿದರೂ ಬಯಕೆ ಎಂದು ನಕ್ಕೆನಲ್ಲ. ನನ್ನ ಬುದ್ಧಿಗೆ ಏನು ಬಡಿದಿತ್ತು.

ಸಿಟ್ಟಾಗಿದ್ದೇನೆ ಎಂದು ತಿಳಿಯಬೇಡ. ಸಿಟ್ಟಾಗಲಿಕ್ಕೆ ನನಗೆ ಯಾವ ಮುಖವಿದೆ? ಸೊಂಟದ ನೋವಿಗೆ ಒಂದು ಚೂರು ಎಂದು ಶುರು ಮಾಡಿದ್ದೀಯ, ನನಗೆ ಗೊತ್ತು. ನನ್ನ ಕಾಗದ ಓದಿ, ಅವ್ವ ಬಿಟ್ಟಳು, ನಾನೂ ಬಿಡುತ್ತೇನೆ ಎಂದು ಒಮ್ಮೆಲೇ ನಿಲ್ಲಿಸಿದ್ದೀಯ. ಒಂದು ವಾರ ಎಂದು ನಾನು ಬರೆಸಿದ್ದು ಸುಳ್ಳು. ನಿನ್ನ ಮುಂದೆ ದೊಡ್ಡವಳಾಗಬೇಕೆಂದು ಹೇಳಿದ್ದು. ಹನಿ ಔಷಧ ಇದ್ದೂ ತಿಂಗಳ ಹತ್ತಿರ ಒದ್ದಾಡಿದ್ದೇನೆ. ಡಾಕ್ಟರಮ್ಮನನ್ನು ಕೇಳಿದೆ, ಯಾರದೋ ಹೆಸರು ಹೇಳಬೇಕೆಂದು ಹೋದವಳು ನಿನ್ನ ಹೆಸರೇ ಹೇಳಿಬಿಟ್ಟೆ. ಅವರು ಕುರ್ಚಿಯಿಂದ ಎದ್ದರು. "ಬಸುರಿ ಒಮ್ಮೆಲೇ ಬಿಟ್ರ ಕೂಸಿನ ಜೀವಕ್ಕ ಅಪಾಯ ಐತಿ. ದಿನಾ ತುಂಬೂದರಾಗ ಹೊರಗ ಬೀಳಬಹುದು, ಹೊಟ್ಟ್ಯಾಗ ಹೋಗಬಹುದು. ಕೂಸು ಹಂಗ ಹೊರಳಾಕ ಹತ್ತೈತಿ ಅಂದ್ರ ಅದಕ್ಕೂ ಬೇನಿ ಆಗೈತಿ. ಕರಿಸು" ಅಂದರು. ಡಬ್ಬಿಯಲ್ಲಿ ಉಳಿದಿದ್ದರೆ ಚೆಲ್ಲದೆ ತಾ. ಎಷ್ಟು ತಿನ್ನುತ್ತಿದ್ದೆ ಎಂದು ಅವರಿಗೆ ಗೊತ್ತಾಗಬೇಕು. ಅರ್ಧ ಹೇಳಬೇಡ.

ಇಲ್ಲಿಗೆ ಬಂದ ಮೇಲೆ ಅಳಿಯಂದಿರಿಗೆ ತಿಳಿಯದೆ ಇರುವುದಿಲ್ಲ. ಆಗ ನೀನು ಬಾಯಿ ತೆರೆಯಬೇಡ. ಕುಬಸಕ್ಕೆ ಎಳ್ಳುಂಡಿ ಕಟ್ಟಿ ತಂದಿದ್ದೆನಲ್ಲ, ಮಗಳಿಗೆ ಸೊಂಟ ನೋವು ಎಂದು ಅದರಲ್ಲಿ ನಾನೇ ಕಲೆಸಿದ್ದೆ, ಅವಳಿಗೆ ಏನೂ ಗೊತ್ತಿಲ್ಲ ಎಂದು ನಾನು ಹೇಳುತ್ತೇನೆ. ಮಸಿ ಹಿಡಿದ ಗಡಿಗೆಗೆ ಇನ್ನೊಂದಿಷ್ಟು ಮಸಿ ಹತ್ತಿದರೆ ಯಾರಿಗೆ ಕಾಣುತ್ತದೆ. ಆಮೇಲೆ ನನಗೆ ಕೂಸಿನ ಮಾರಿ ತೋರಿಸುವುದಿಲ್ಲ, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಕೂಸು ಇದ್ದರಲ್ಲವೇ ಮಾರಿ ನೋಡುವುದು.

ಹೊರಡು.

ಅವ್ವ

*

ಗಿಣಿಗೇರಾ
ತಾ. 8–1–1939

ಚಿ. ಸೌ. ಹುಲಿಗವ್ವಗೆ, ಗದಗಿನ ದವಾಖಾನೆಗೆ, ನಿಮ್ಮ ತಾಯಿ ಫಕೀರಮ್ಮ ಬರೆಸಿದ ಆಶೀರ್ವಾದಗಳು.

ಈ ಕಾಗದ ಬರೆಯುವವರು ನಮ್ಮೂರ ಸಾಲಿ ಮಾಸ್ತರರು. ನಿನ್ನ ಉತ್ತರ ಬಂದರೂ ಅವರೇ ಓದಿ ಹೇಳುತ್ತಾರೆ. ಕಣ್ಣಿನ ಆಪರೇಶನ್ ಆದ ಮೇಲೆ ನನಗೆ ಎಲ್ಲ ಚಲೋ ಕಾಣುತ್ತದೆ ಎಂದು ಅವರಿಗೂ ಹೇಳಿದ್ದೇನೆ.

ನೀನು ಡಾಕ್ಟರಮ್ಮನ ಕೈಯಲ್ಲಿದ್ದೀ, ಅದೇ ಸಾಕು. ಹೇಳಿದ ಔಷಧ ಹೇಳಿದ ಹಾಗೆ ತೆಗೆದುಕೋ, ಅವಸರ ಮಾಡಬೇಡ. ದವಾಖಾನೆಯ ಗೇಟಿನಲ್ಲಿ ಅಳಿಯಂದಿರು ನನಗೆ ನಾಲ್ಕು ಮಾತು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರು ಅಂದದ್ದು ತಪ್ಪಲ್ಲ. ಎಳ್ಳುಂಡಿಯ ಮಾತು ಆಡಿದ್ದು ಆಗಿದೆ, ಅದನ್ನು ಮತ್ತೆ ಯಾರ ಮುಂದೂ ತೆಗೆಯಬೇಡ. ತೆಗೆದರೆ ನನ್ನ ಮೇಲಾಣೆ.

ಅಳಿಯಂದಿರು ಹೇಳಿದ ಹಾಗೆ ನಾನು ಗದಗಿಗೆ ಬರುವುದಿಲ್ಲ, ತಳಕಲ್ಲಿಗೂ ಬರುವುದಿಲ್ಲ. ಕೋಣೆಗೆ ಸುಣ್ಣ ಹೊಡೆಸಿದ್ದೆ, ಅದು ವ್ಯರ್ಥವೇನಲ್ಲ, ಮನೆಗೆ ಬೆಳಕಾಯಿತು. ಹಡೆದ ಸುದ್ದಿಯನ್ನು ಗಂಡೋ ಹೆಣ್ಣೋ ಎಂದಷ್ಟೇ ಬರೆದು ತಿಳಿಸಿದರೆ ಮಾಸ್ತರರು ಓದುತ್ತಾರೆ.

ಇಂತಿ
ಫಕೀರಮ್ಮ

*

ಗದಗ, ದವಾಖಾನೆ
ತಾ. 22–1–1939

ಅವ್ವನ ಪಾದಗಳಿಗೆ ಹುಲಿಗವ್ವನ ನಮಸ್ಕಾರ.

ಮಾಸ್ತರರೇ, ಇದನ್ನು ಓದುತ್ತಿರುವವರು ನೀವು. ಒಂದು ಅಕ್ಷರವನ್ನೂ ಬಿಡದೆ ಅವ್ವನಿಗೆ ಓದಿ ಹೇಳಿರಿ. ಅವಳು ಸಾಕು ನಿಲ್ಲಿಸಿ ಎಂದರೂ ನಿಲ್ಲಿಸಬೇಡಿರಿ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಅಫೀಮು ಬಿಡಲಿಕ್ಕೆ ಬಂದಿದ್ದಳು, ಬಿಟ್ಟಳು. ಎಳ್ಳುಂಡಿಯಲ್ಲಿ ಅವಳು ಏನನ್ನೂ ಕಲೆಸಿರಲಿಲ್ಲ. ಹಳ್ಳಕ್ಕೆ ಹಾಕು ಎಂದು ಅತ್ತೆ ಕೊಟ್ಟ ಡಬ್ಬಿಯನ್ನು ಕೊಟ್ಟಿಗೆಯ ಗೋಡೆಯಲ್ಲಿ ಮುಚ್ಚಿಟ್ಟು ತಿಂದವಳು ನಾನು. ಒಂದು ಕೈಯಿಂದ ತಿನ್ನುತ್ತ ಇನ್ನೊಂದು ಕೈಯಿಂದ ಅವ್ವನಿಗೆ ನಾಚಿಕೆಗೇಡಿ ಎಂದು ಬರೆಯುತ್ತಿದ್ದೆ.

ಅವ್ವಾ, ಸಂಕ್ರಾಂತಿ ಕಳೆದ ಮರುದಿನ ಹೆಣ್ಣು ಕೂಸು ಹುಟ್ಟಿದೆ. ಸಣ್ಣದು. ಜೀವಂತ ಇದೆ. ನೀನು ಕರೆಸದಿದ್ದರೆ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು.

ಹುಟ್ಟಿದ ಮರುದಿನ ಅಳಲಿಕ್ಕೆ ಶುರು ಮಾಡಿತು. ಹಸಿವಿನ ಅಳು ಅಲ್ಲ, ಕೀರಲು ಧ್ವನಿ, ಎದೆಗೆ ಇಟ್ಟುಕೊಂಡರೂ ನಿಲ್ಲುವುದಿಲ್ಲ. ಮೊಲೆ ಬಾಯಿಗೆ ಹಿಡಿದರೆ ಕಚ್ಚಲಿಕ್ಕೆ ಬಾರದು. ಸೀನುತ್ತದೆ, ನಡುಗುತ್ತದೆ. ಆಮೇಲೆ ಆ ಪುಟ್ಟ ಬಾಯಿ ತೆರೆದು ಆಕಳಿಸಿತು. ಮುಮ್ತಾಜಬೇಗಂ ನನ್ನ ಮಾರಿ ನೋಡಿದರು. ಕೂಸಿಗೂ ಈಗ ಹನಿ ಔಷಧ ಶುರುವಾಗಿದೆ, ಸೂಜಿಯ ಮೊನೆಯಷ್ಟು. ದಿನಾ ಕಮ್ಮಿ ಮಾಡುತ್ತಾರೆ. ನಿನಗೆ ಮಾಡಿದ್ದೇ, ನನಗೆ ಮಾಡುತ್ತಿರುವುದೇ.

ನಿನ್ನ ಅಳಿಯ ಬುಧವಾರ ಬಂದಿದ್ದರು. ಕೂಸಿನ ನಡುಕ ನೋಡಿ ಅವರ ಕಣ್ಣು ತುಂಬಿತು. "ನಿಮ್ಮವ್ವ ಮಾಡಿದ್ದು ನೋಡು. ಆಕಿ ಕೈ ಸೇದಿ ಹೋಗಲಿ" ಅಂದರು. ನೀನು ಗೇಟು ದಾಟುವಾಗಲೂ ಅವರು ಹೀಗೇ ಅಂದಿದ್ದರು, ಆಗ ನಾನು ಒಳಗೆ ಕೇಳಿಸಿಕೊಂಡೂ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಈ ಸಲ ತಿರುಗಲಿಕ್ಕೆ ಆಗಲಿಲ್ಲ. ನಿನ್ನ ಆಣೆ ಮೀರಿದೆ. "ಆಕಿ ಅಲ್ರೀ, ನಾನು" ಅಂದೆ. ಎಲ್ಲ ಹೇಳಿದೆ, ಡಬ್ಬಿಯದು, ಕೊಟ್ಟಿಗೆಯ ಗೋಡೆಯದು, ಅತ್ತೆ ನನ್ನನ್ನು ಹೊಗಳುವಾಗಲೆಲ್ಲ ನನ್ನ ಬಾಯಲ್ಲಿ ಅದೇ ಕರಗುತ್ತಿತ್ತು ಎಂಬುದು. ಅವರು ಕೂಸಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಎದ್ದು ಹೊರಟುಹೋದರು. ಮತ್ತೆ ಬಂದಿಲ್ಲ. ಅತ್ತೆಯಿಂದ ಸುದ್ದಿಯಿಲ್ಲ. ನಮ್ಮಿಬ್ಬರನ್ನು ಆ ಮನೆಗೆ ಕರೆದೊಯ್ಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅದನ್ನು ನೆನೆಸಿಕೊಂಡು ಅಳುತ್ತೇನೆ, ಆದರೆ ಹೇಳಿದ್ದಕ್ಕೆ ಅಳುವುದಿಲ್ಲ.

ಇಲ್ಲಿ ಎಲ್ಲರೂ ಕೂಸನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಅದು ಯಾಕೆ ಹಾಗೆ ಅಳುತ್ತದೆಂದು ಅವರು ಓದಿ ತಿಳಿದವರು. ಮೈಯಿಂದ ಬಲ್ಲವರು ನಾವಿಬ್ಬರೇ. ನಾನು ಎತ್ತಿಕೊಂಡರೆ ಅದು ನಡುಗುತ್ತದೋ ನಾನು ನಡುಗುತ್ತೇನೋ ತಿಳಿಯುವುದಿಲ್ಲ. ನಿನ್ನ ಕೈ ಈಗ ಗಟ್ಟಿಯಿದೆ.

ಬಂದು ಎತ್ತಿಕೋ ಅವ್ವಾ.

ಹುಲಿಗವ್ವ